ಗಿರಕಿಯ ಋಣ

ಗಡಿನಾಡಿನ ಸಾಹಿತ್ಯ ಸಮ್ಮೇಳನವೊಂದರ ಸ್ಮರಣ ಸಂಚಿಕೆಯಲ್ಲಿ ಗೆಲಾಕ್ಸಿಗಳು ತಿರುಗುವ ವಿಚಾರವಾಗಿ ಲೇಖನವೊಂದನ್ನು ಕಂಡು ಓದುಗರು ಹುಬ್ಬೇರಿಸಿದರೆ ಅದು ಅವರ ತಪ್ಪಲ್ಲ. ಭಾಷೆಯ ಅಳಿವು ಉಳಿವು, ಕನ್ನಡ ಶಾಲೆಗಳ ಸ್ಥಿತಿಗತಿ, ಯಕ್ಷಗಾನದ ಹಿಂದು ಮುಂದು ಇವುಗಳನ್ನು ಕುರಿತು ಬಲ್ಲವರು ಬರೆಯುತ್ತಲೇ ಬಂದಿದ್ದಾರೆ. ಇನ್ನು ಮುಂದೆಯೂ ಬರೆಯುವರು. ನಮ್ಮನ್ನು ಬಹುಕಾಲದಿಂದ ಬಿಡದೆ ಹಿಡಿದಿರುವ ಪ್ರಶ್ನೆ ಬೇರೆ ತೆರನದು. ನಮ್ಮದು ಎಂದು ನಾವು ಎದೆ ತಟ್ಟಿ ಹೇಳಿಕೊಳ್ಳುವುದರಲ್ಲಿ ನಿಜವಾಗಿ ನಮ್ಮದೆಷ್ಟು? ಕೇಳದೆ ಬಂದದ್ದಕ್ಕೆ, ಕೊಡಬೇಕೆಂಬ ಮನಸ್ಸಿಲ್ಲದೆಯೇ ಪರರು ಕೊಟ್ಟದ್ದಕ್ಕೆ, ಋಣವೆಂಬುದು ಉಂಟೆ? ಈ ಪ್ರಶ್ನೆ ನಮಗೆ ಹುಟ್ಟಿದ್ದು ಪುಸ್ತಕದ ಮುಂದಲ್ಲ, ಒಂದು ಶಾಲೆಯ ತಾರಸಿಯ ಮೇಲೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುವುದು ಯೋಗ್ಯ.

ಕಾಸರಗೋಡಿನ ಕಡೆಯ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ನಾವು ವಿಜ್ಞಾನ ಕಲಿಸುತ್ತಿದ್ದ ಕಾಲವದು. ಒಂದು ಡಿಸೆಂಬರ್ ತಿಂಗಳ ಸಂಜೆ, ಎಲ್ಲಿಂದಲೋ ಎರವಲು ತಂದ ಸಣ್ಣ ದೂರದರ್ಶಕವೊಂದನ್ನು ತಾರಸಿಯ ಮೇಲೆ ನಿಲ್ಲಿಸಿ ಮಕ್ಕಳಿಗೆ ಆಂಡ್ರೊಮೆಡಾ ಗೆಲಾಕ್ಸಿಯನ್ನು ತೋರಿಸುತ್ತಿದ್ದೆವು. ನಮ್ಮ ಭಾಗ್ಯಕ್ಕೆ ಅಂದು ಕರೆಂಟು ಹೋಗಿ ಸುತ್ತಲಿನ ತೋಟಗಳೆಲ್ಲ ಕತ್ತಲಲ್ಲಿದ್ದವು. ಕಂಡದ್ದಾದರೂ ಏನು? ಒದ್ದೆ ಬಟ್ಟೆಯಿಂದ ಒರಸಿದಂತಹ ಒಂದು ಮಸುಕು ಕಲೆ. ಮಕ್ಕಳಿಗೆ ನಿರಾಶೆಯಾಗಬಾರದೆಂದು ನಾವು ಮಾತಿನಲ್ಲಿ ತುಂಬಿಕೊಟ್ಟೆವು: ಇದು 25 ಲಕ್ಷ ಜ್ಯೋತಿರ್ವರ್ಷಗಳಷ್ಟು ದೂರದಲ್ಲಿದೆ, ಈಗ ನಿಮ್ಮ ಕಣ್ಣಿಗೆ ಬಿದ್ದ ಬೆಳಕು ಹೊರಟಾಗ ಭೂಮಿಯ ಮೇಲೆ ನಮ್ಮಂತಹ ಮನುಷ್ಯರೇ ಇರಲಿಲ್ಲ, ಕೋಟ್ಯಂತರ ನಕ್ಷತ್ರಗಳ ಈ ತಟ್ಟೆ ಬುಗುರಿಯಂತೆ ತಿರುಗುತ್ತಲೇ ಇದೆ ಎಂದೆಲ್ಲ. ಆಗ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದ:

“ಬುಗುರಿಗಾದರೆ ಚಾಟಿ ಉಂಟು. ಅದನ್ನು ಮೊದಲು ತಿರುಗಿಸಿದ್ದು ಯಾರು ಮಾಷ್ಟ್ರೇ?”

ನಾವು ತಡವರಿಸದೆ ಉತ್ತರ ಕೊಟ್ಟೆವು: “ಯಾರೂ ಅಲ್ಲ. ಅದು ಅದರ ಸ್ವಭಾವ.” ಹುಡುಗ ತಲೆಯಾಡಿಸಿ ಸರಿದು ಮುಂದಿನವನಿಗೆ ಜಾಗ ಬಿಟ್ಟ. ಉತ್ತರ ಗೊತ್ತಿಲ್ಲದ ಅಧ್ಯಾಪಕನಿಗೆ ‘ಸ್ವಭಾವ’ ಎಂಬುದಕ್ಕಿಂತ ಅನುಕೂಲವಾದ ಶಬ್ದ ಇನ್ನೊಂದಿಲ್ಲ. ಬಾಗಿಲು ಮುಚ್ಚಿದ ಸದ್ದೂ ಕೇಳಿಸದಂತೆ ಅದು ಬಾಗಿಲು ಮುಚ್ಚುತ್ತದೆ. ನಮ್ಮ ಉತ್ತರ ಅಪೂರ್ಣವಾಗಿದ್ದರೆ ಚಿಂತೆಯಿರಲಿಲ್ಲ. ಮುಂದೆ ಓದುತ್ತ ಹೋದಂತೆ ಅದು ಪೂರ್ತಿ ತಲೆಕೆಳಗಾದ ಉತ್ತರ ಎಂಬುದು ಗೊತ್ತಾಯಿತು. ಗೆಲಾಕ್ಸಿಯ ಗುಣಗಳಲ್ಲಿ ಸ್ವಭಾವವಲ್ಲದ್ದು ಯಾವುದಾದರೂ ಇದ್ದರೆ ಅದು ಅದರ ತಿರುಗುವಿಕೆಯೇ.

ಗೆಲಾಕ್ಸಿಗಳು ತಿರುಗುತ್ತವೆ ಎಂಬುದು ಬಹು ಹಳೆಯ ತಿಳಿವಳಿಕೆಯೇನೂ ಅಲ್ಲ. ಅಮೆರಿಕದ ಅರಿಜೋನಾದಲ್ಲಿರುವ ಲೋವೆಲ್ ವೀಕ್ಷಣಾಲಯದ ವೆಸ್ಟೊ ಸ್ಲೈಫರ್ ಎಂಬವರು ಸಾಂಬ್ರೆರೊ ಎಂದು ಹೆಸರಾದ ನೀಹಾರಿಕೆಯೊಂದರ ರೋಹಿತದಲ್ಲಿ ಗೆರೆಗಳು ಓರೆಯಾಗಿರುವುದನ್ನು ಗಮನಿಸಿ, ಅದರ ಒಂದು ಅಂಚು ನಮ್ಮತ್ತ ಬರುತ್ತಿದೆ, ಇನ್ನೊಂದು ದೂರ ಸರಿಯುತ್ತಿದೆ ಎಂದು 1914ರಲ್ಲಿ ತೋರಿಸಿದರು. ಗೆಲಾಕ್ಸಿ ಎಂದರೇನೆಂಬುದೇ ಆಗಿನ್ನೂ ಇತ್ಯರ್ಥವಾಗಿರಲಿಲ್ಲ. ನಾವಿರುವ ಆಕಾಶಗಂಗೆಯಲ್ಲಿ ಸೂರ್ಯನು ಸೆಕೆಂಡಿಗೆ ಸುಮಾರು 220 ಕಿಲೋಮೀಟರ್ ವೇಗದಲ್ಲಿ ಸಾಗಿದರೂ ಒಂದು ಸುತ್ತು ಮುಗಿಸಲು ಸುಮಾರು 23 ಕೋಟಿ ವರ್ಷ ಹಿಡಿಯುತ್ತದೆ; ಹುಟ್ಟಿದಂದಿನಿಂದ ಅವನು ಸುತ್ತಿರುವುದು ಇಪ್ಪತ್ತು ಬಾರಿ ಇರಬಹುದು. 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಅವರು ಅದೇ ಆಂಡ್ರೊಮೆಡಾದ ವೇಗಗಳನ್ನು ಅಳೆದಾಗ, ಅಂಚಿನ ಕಡೆಗೆ ಸಾಗಿದರೂ ವೇಗ ನಿರೀಕ್ಷಿಸಿದಂತೆ ಇಳಿಯದಿರುವುದು ಕಂಡಿತು. ಬೆಳಗುವ ತಟ್ಟೆಯ ಸುತ್ತ ಕಾಣದ ದ್ರವ್ಯದ ವಿಶಾಲವಾದ ಆವರಣವಿದೆ ಎಂಬ ನಿರ್ಣಯಕ್ಕೆ ವಿಜ್ಞಾನಿಗಳನ್ನು ಒಯ್ದ ಸಾಕ್ಷ್ಯಗಳಲ್ಲಿ ಇದು ಮುಖ್ಯವಾದದ್ದು. ಆ ಕಪ್ಪು ದ್ರವ್ಯದ ಆವರಣವನ್ನು, ಚಂದ್ರನ ಸುತ್ತ ಕಾಣುವ ಬಳೆಗೆ ನಾವು ಹೇಳುವ ‘ಪರಿವೇಷ’ ಎಂಬ ಹೆಸರಿನಿಂದಲೇ ಇಲ್ಲಿ ಕರೆಯುತ್ತೇವೆ. ಚಂದ್ರನ ಪರಿವೇಷ ಕಾಣುತ್ತದೆ, ಇದು ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನು ಹುಡುಗನ ಪ್ರಶ್ನೆ. ತಿರುಗುವಿಕೆಗೆ ಒಂದು ಕಟ್ಟುನಿಟ್ಟಿನ ಲೆಕ್ಕವಿದೆ. ಭೌತಶಾಸ್ತ್ರದಲ್ಲಿ ಅದಕ್ಕೆ ಕೋನೀಯ ಸಂವೇಗವೆಂದು ಹೆಸರು. ಹೊರಗಿನವರು ತಿರುಚದಿದ್ದರೆ ಅದು ಹೆಚ್ಚುವುದೂ ಇಲ್ಲ, ಕುಂದುವುದೂ ಇಲ್ಲ. ತನ್ನನ್ನು ತಾನೇ ತಿರುಗಿಸಿಕೊಳ್ಳುವ ಶಕ್ತಿ ಯಾವ ವಸ್ತುವಿಗೂ ಇಲ್ಲ. ಹಾಗಾದರೆ ವಿಶ್ವದ ಆದಿಯಲ್ಲಿಯೇ ಸುಳಿಗಳು ಇದ್ದಿರಬೇಕು, ಅವೇ ಮುಂದೆ ಗೆಲಾಕ್ಸಿಗಳಾದವು ಎಂದು ಕೆಲವರು ಯೋಚಿಸಿದರು. ವೈಟ್ಸೆಕರ್ ಮತ್ತು ಗ್ಯಾಮೊ ಅವರಂತಹ ದೊಡ್ಡವರೇ ಹೀಗೆ ಎಣಿಸಿದ್ದುಂಟು. ಆದರೆ ಹಿಗ್ಗುತ್ತಿರುವ ವಿಶ್ವದಲ್ಲಿ ಸುಳಿ ಉಳಿಯುವುದಿಲ್ಲ. ಹರಡಿದಷ್ಟೂ ಅದರ ವೇಗ ಕುಂದುತ್ತದೆ. ಇಂದು ಕಾಣುವಷ್ಟು ತಿರುಗುವಿಕೆ ಉಳಿಯಬೇಕಾದರೆ ಆದಿಯಲ್ಲಿ ಭೀಕರವಾದ ಸುಳಿಗಳೇ ಇದ್ದಿರಬೇಕಾಗಿತ್ತು. ಆಕಾಶದ ಎಲ್ಲ ದಿಕ್ಕಿನಿಂದಲೂ ಬರುವ ಆದಿಕಾಲದ ಉಳಿಕೆ ಬೆಳಕಾದರೋ ಬೇರೆಯದೇ ಮಾತು ಹೇಳುತ್ತದೆ: ಆಗ ಎಲ್ಲವೂ ಬಹುಮಟ್ಟಿಗೆ ಸಮನಾಗಿತ್ತು, ಏರುಪೇರು ಇದ್ದದ್ದು ಲಕ್ಷದಲ್ಲಿ ಒಂದು ಪಾಲಿನಷ್ಟು ಮಾತ್ರ.

ಉತ್ತರದ ಬೀಜ ಬಿದ್ದದ್ದು 1949ರಲ್ಲಿ, ಪ್ಯಾರಿಸಿನಲ್ಲಿ ನಡೆದ ಒಂದು ವಿಚಾರಗೋಷ್ಠಿಯಲ್ಲಿ. ಇಂಗ್ಲೆಂಡಿನ ಫ್ರೆಡ್ ಹಾಯ್ಲ್ ಅವರು ಅಲ್ಲಿ ಹೇಳಿದ್ದರ ಸಾರವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಗೆಲಾಕ್ಸಿಯನ್ನು ತಿರುಗಿಸುವುದು ಅದರ ನೆರೆಹೊರೆ. ಚಂದ್ರಗಿರಿ ಹೊಳೆಯ ಅಳಿವೆಯ ಬಳಿ ಬಾಳಿದವರಿಗೆ ಉಬ್ಬರ ಇಳಿತಗಳ ವಿಚಾರವನ್ನು ನಾವು ವಿವರಿಸಬೇಕಾಗಿಲ್ಲ. ಚಂದ್ರನು ಭೂಮಿಯ ಹತ್ತಿರದ ಮಗ್ಗುಲನ್ನು ಹೆಚ್ಚಾಗಿಯೂ ದೂರದ ಮಗ್ಗುಲನ್ನು ಕಡಿಮೆಯಾಗಿಯೂ ಸೆಳೆಯುತ್ತಾನೆ. ಆ ಸೆಳೆತದ ಹೆಚ್ಚು ಕಡಿಮೆಯೇ ಉಬ್ಬರದ ಮೂಲ. ಒಂದು ವಸ್ತುವಿನ ಎಲ್ಲ ಭಾಗಗಳನ್ನೂ ಒಂದೇ ಸಮನಾಗಿ ಎಳೆದರೆ ಅದು ಇಡಿಯಾಗಿ ಸರಿದೀತೇ ಹೊರತು ತಿರುಗದು. ಮೂತಿ ಸೆಳವಿಗೆ ಸಿಕ್ಕಿ ಹಿಂಬದಿ ನಿಂತ ನೀರಿನಲ್ಲಿಯೇ ಉಳಿದ ದೋಣಿ ಹೇಗೆ ತಾನಾಗಿ ತಿರುಗಿಬಿಡುತ್ತದೆಯೋ, ಹಾಗೆ ಇನ್ನೂ ಮೈಗಟ್ಟದ ಗೆಲಾಕ್ಸಿಯ ಒಂದು ಬದಿಯನ್ನು ನೆರೆಯ ರಾಶಿ ಜಾಸ್ತಿ ಸೆಳೆದಾಗ ಅದು ನಿಧಾನವಾಗಿ ತಿರುಗತೊಡಗುತ್ತದೆ. ಅಮೆರಿಕದ ಜೇಮ್ಸ್ ಪೀಬಲ್ಸ್ 1969ರಲ್ಲಿ ಇದನ್ನು ಲೆಕ್ಕಕ್ಕೆ ಇಳಿಸಿದರು (2019ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದವರು ಇವರೇ). ಮರುವರ್ಷ ಸೋವಿಯತ್ ಒಕ್ಕೂಟದ ದೊರೊಷ್ಕೆವಿಚ್ ಅದನ್ನು ತಿದ್ದಿದರು. 1984ರಲ್ಲಿ ಸೈಮನ್ ವೈಟ್ ಅದನ್ನು ಸ್ಪಷ್ಟಪಡಿಸಿದರು.

ಆ ತಿದ್ದುಪಡಿಯಲ್ಲಿಯೇ ನಮಗೆ ಬೇಕಾದ ಸೂಕ್ಷ್ಮವೊಂದಿದೆ. ಪೀಬಲ್ಸ್ ಮೊದಲು ಗುಂಡಗಿನ ಪ್ರದೇಶವೊಂದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಗುಂಡಗಿರುವುದಕ್ಕೆ ಹಿಡಿಯಿಲ್ಲ, ನೆರೆಯ ಸೆಳೆತ ಅದನ್ನು ಬಲವಾಗಿ ತಿರುಗಿಸಲಾರದು. ಬೀಸುಕಲ್ಲನ್ನು ತಿರುಗಿಸಲು ಹಿಡಿಯುವ ಗೂಟವನ್ನು ಅಂಚಿನ ಬಳಿಯೇ ನೆಡುವುದಷ್ಟೆ. ಉದ್ದುದ್ದವಾಗಿ, ಓರೆಕೋರೆಯಾಗಿ, ಅಂಕುಡೊಂಕಾಗಿ ಹರಡಿದ ರಾಶಿಗೆ ಮಾತ್ರ ಅಂತಹ ಗೂಟಗಳಿರುತ್ತವೆ. ನಿಜವಾದ ಗೆಲಾಕ್ಸಿಗಳು ಹುಟ್ಟುವ ಪ್ರದೇಶಗಳು ಯಾವುವೂ ಗುಂಡಗಿಲ್ಲವೆಂದು ದೊರೊಷ್ಕೆವಿಚ್ ಗಮನಿಸಿದರು. ಆದ್ದರಿಂದ ತಿರುಗುವಿಕೆ ಕಾಲಕ್ಕೆ ಸರಿಸಮನಾಗಿ, ಪೀಬಲ್ಸ್ ಎಣಿಸಿದ್ದಕ್ಕಿಂತ ಸುಲಭವಾಗಿ ಕೂಡುತ್ತ ಬರುತ್ತದೆ. ತನ್ನಲ್ಲಿ ತಾನು ಪೂರ್ಣವಾದದ್ದು ನೆರೆಯಿಂದ ಏನನ್ನೂ ಪಡೆಯಲಾರದು ಎಂಬ ಮಾತನ್ನು ಯಾರಾದರೂ ನೀತಿಬೋಧೆಯಾಗಿ ಹೇಳಿದ್ದರೆ ನಾವು ಕಿವಿಗೊಡುತ್ತಿರಲಿಲ್ಲ. ಅದು ಗಣಿತವಾಗಿ ಬಂದದ್ದರಿಂದ ಕೊಂಚ ಹೊತ್ತು ಸುಮ್ಮನೆ ಕುಳಿತೆವು.

ಈ ಕೊಡುಕೊಳೆಗೆ ಕಾಲವೂ ಗೊತ್ತಿದೆ. ವಿಶ್ವ ಎಳೆಯದಾಗಿದ್ದಾಗ ರಾಶಿಗಳು ಹರಡಿಕೊಂಡಿದ್ದವು, ಹತ್ತಿರ ಹತ್ತಿರವಿದ್ದವು. ಇದು ಇಂಥದ್ದು, ಅದು ಅಂಥದ್ದು ಎಂದು ಗೆರೆ ಎಳೆಯುವುದೂ ಕಷ್ಟವಾಗಿತ್ತು. ಆಗಲೇ ಸೆಳೆತ ಬಲವಾಗಿ ನಾಟಿದ್ದು. ಮುಂದೆ ಪ್ರತಿಯೊಂದೂ ತನ್ನ ತೂಕಕ್ಕೆ ತಾನೇ ಕುಸಿದು ಪ್ರತ್ಯೇಕವಾದಾಗ ಅದರ ಕೈಕಾಲುಗಳು ಒಳಸೇರಿದವು, ಹಿಡಿ ಕಿರಿದಾಯಿತು, ನೆರೆಯವರು ದೂರ ಸರಿದರು. ಅಲ್ಲಿಗೆ ಪಡೆಯುವ ಕಾಲ ಬಹುಪಾಲು ಮುಗಿಯಿತು. ಆಮೇಲೆ ನಡೆಯುವುದೆಲ್ಲ ಪಡೆದದ್ದರ ಬಳಕೆ. ಪೂರ್ತಿ ಮುಗಿಯಿತೆಂದು ಹೇಳಿದರೆ ಸುಳ್ಳಾದೀತು: ಸಣ್ಣ ಗೆಲಾಕ್ಸಿಗಳು ಬಂದು ಬೀಳುವಾಗ ಒಂದೊಂದೂ ತನ್ನ ಪಾಲಿನ ತಿರುಗುವಿಕೆಯನ್ನು ತರುತ್ತದೆ, ಕೆಲವೊಮ್ಮೆ ಇದ್ದದ್ದನ್ನು ಅಳಿಸಿಯೂ ಹಾಕುತ್ತದೆ. ಮೊದಲ ಸೆಳೆತ ಯಾವ ದಿಕ್ಕಿಗೆ ಅಕ್ಷವನ್ನು ನಿಲ್ಲಿಸಿತ್ತೆಂಬ ನೆನಪು ಕುಸಿತದ ಗದ್ದಲದಲ್ಲಿ ಮಸುಕಾಗುತ್ತದೆಂದೂ ಗಣಕಯಂತ್ರದ ಲೆಕ್ಕಗಳು ತೋರಿಸಿವೆ. ಸಿದ್ಧಾಂತ ಅಚ್ಚುಕಟ್ಟಾಗಿದೆ, ಆಕಾಶ ಅಷ್ಟು ಅಚ್ಚುಕಟ್ಟಾಗಿಲ್ಲ.

ಹೀಗೆ ಬಂದ ಪಾಲು ಬಹಳ ಸಣ್ಣದು ಎಂಬುದು ಇನ್ನೂ ಸೋಜಿಗದ ಸಂಗತಿ. ಪೂರ್ತಿಯಾಗಿ ತಿರುಗುವಿಕೆಯ ಬಲದಿಂದಲೇ ನಿಂತ ವ್ಯವಸ್ಥೆಗೆ 1ರ ಆಸುಪಾಸಿನ ಅಂಕ ಕೊಟ್ಟರೆ ಕಪ್ಪು ದ್ರವ್ಯದ ಪರಿವೇಷಕ್ಕೆ ಸಿಗುವ ಅಂಕ ಸುಮಾರು 0.04. ಜಾತ್ರೆಯ ಗದ್ದೆಯನ್ನು ನೆನೆಯಿರಿ. ಜನ ಎಲ್ಲ ದಿಕ್ಕಿಗೂ ನಡೆಯುತ್ತಿರುತ್ತಾರೆ. ಎತ್ತರದಲ್ಲಿ ನಿಂತು ಬಹಳ ಹೊತ್ತು ನೋಡಿದರೆ ಮಾತ್ರ, ಒಟ್ಟಿನಲ್ಲಿ ತುಸು ಹೆಚ್ಚು ಮಂದಿ ದೇವಸ್ಥಾನವನ್ನು ಬಲಗಡೆ ಇಟ್ಟುಕೊಂಡು ಸುತ್ತುತ್ತಿರುವುದು ತಿಳಿದೀತು. ಪರಿವೇಷದ ತಿರುಗುವಿಕೆ ಅಂಥದ್ದು. ಅನಿಲಕ್ಕೂ ಅದೇ ಕಾಲದಲ್ಲಿ, ಅದೇ ನೆರೆಯವರಿಂದ, ತೂಕಕ್ಕೆ ತಕ್ಕಂತೆ ಅಷ್ಟೇ ಪಾಲು ಬಂದಿತ್ತು. ಆದರೆ ಕಪ್ಪು ದ್ರವ್ಯದ ಕಣಗಳು ಒಂದನ್ನೊಂದು ತಾಗದೆ ಹಾದುಹೋಗುವುವು. ಅನಿಲದ ಕಣಗಳು ಡಿಕ್ಕಿ ಹೊಡೆದು, ಕಾದು, ಆ ಕಾವನ್ನು ಬೆಳಕಾಗಿ ಕಳೆದುಕೊಂಡು ಒಳಕ್ಕಿಳಿಯುವುವು. ಕಾವನ್ನು ಕಳೆಯಬಹುದು, ತಿರುಗುವಿಕೆಯನ್ನು ಹಾಗೆ ಕಳೆಯಲಾಗದು. ಒಳಗಿಳಿದಷ್ಟೂ ವೇಗ ಏರುತ್ತದೆ. ಕೊನೆಗೆ ಇನ್ನು ಇಳಿಯಲಾಗದೆಂಬ ಹಂತದಲ್ಲಿ ಅದು ತಟ್ಟೆಯಾಗಿ ನಿಲ್ಲುತ್ತದೆ. ಆ ತಟ್ಟೆಯಲ್ಲಿ ನಕ್ಷತ್ರಗಳು ಹುಟ್ಟುತ್ತವೆ. ಮೈಕೇಲ್ ಫಾಲ್ ಮತ್ತು ಜಾರ್ಜ್ ಎಫ್ಸ್ಟಾಥಿಯೂ ಎಂಬವರು 1980ರಲ್ಲಿ ಇದಕ್ಕೆ ಲೆಕ್ಕ ಕೊಟ್ಟರು. ಪರಿವೇಷವಿಲ್ಲದಿದ್ದರೆ ಆ ಅಲ್ಪ ತಿರುಗುವಿಕೆಯ ಅನಿಲವು ತಟ್ಟೆಯಾಗಲು ತನ್ನ ಮೊದಲಿನ ಅಗಲದ ನೂರಾರು ಪಾಲುಗಳಲ್ಲಿ ಒಂದಕ್ಕೆ ಕುಗ್ಗಬೇಕಿತ್ತು. ಅಷ್ಟು ದೂರದಿಂದ ಇಳಿಯಲು ವಿಶ್ವದ ಆಯುಸ್ಸೂ ಸಾಲದು. ಪರಿವೇಷ ಇದ್ದುದರಿಂದ ಹತ್ತರಲ್ಲಿ ಒಂದು ಪಾಲಿಗೆ ಇಳಿದರೂ ಸಾಕಾಯಿತು. ನೆರೆಯವರು ಕೊಟ್ಟ ನಾಲ್ಕು ಕಾಸನ್ನು ಬಾಳಾಗಿ ಮಾಡಿದ್ದು, ಮನೆಯಲ್ಲಿ ಕಾಣದಂತೆ ಕುಳಿತ ಹಿರಿಯರ ಆಸರೆ ಎನ್ನಬಹುದೇನೋ.

ಉಪಮೆಗಳಲ್ಲಿ ಮೈಮರೆಯುವ ಅಪಾಯ ನಮಗೂ ಗೊತ್ತಿದೆ. ನಕ್ಷತ್ರಲೋಕದ ಒಂದು ಸಂಗತಿಯನ್ನು ಹಿಡಿದು ಮನುಷ್ಯರು ಹೀಗೆ ನಡೆಯಬೇಕು ಎಂದು ವಿಧಿಸುವುದು ಸಲ್ಲದು. ‘ಇದೆ’ ಎಂಬುದರಿಂದ ‘ಇರಬೇಕು’ ಎಂಬುದಕ್ಕೆ ತಾನಾಗಿ ದಾರಿಯಿಲ್ಲವೆಂದು ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 18ನೆಯ ಶತಮಾನದಲ್ಲಿಯೇ ಎಚ್ಚರಿಸಿದ್ದಾನೆ. ಅದರಂತೆಯೇ, ಇದೆಲ್ಲ ನಮ್ಮ ಪೂರ್ವಿಕರಿಗೆ ಮೊದಲೇ ಗೊತ್ತಿತ್ತು ಎಂದು ಸಾರುವ ಗುಂಪಿಗೂ ನಾವು ಸೇರಿದವರಲ್ಲ. ಯಾವುದಕ್ಕೂ ತನ್ನದೇ ಆದ ಸ್ವಭಾವವಿಲ್ಲ, ಇರುವುದೆಲ್ಲ ಮತ್ತೊಂದನ್ನು ಆಶ್ರಯಿಸಿ ಇದೆ ಎಂದು ನಾಗಾರ್ಜುನ ವಾದಿಸಿದ್ದು ನಿಜ. ಅವನು ಗೆಲಾಕ್ಸಿಗಳನ್ನು ಕುರಿತು ಹೇಳಲಿಲ್ಲ ಎಂಬುದೂ ಅಷ್ಟೇ ನಿಜ. ಗೆಲಾಕ್ಸಿಗೆ ಋಣವಿಲ್ಲ, ಕೃತಜ್ಞತೆಯಿಲ್ಲ. ಋಣದ ಮಾತು ಬರುವುದು, ತಾನು ಪಡೆದದ್ದನ್ನು ತಿಳಿಯಬಲ್ಲವನಿಗೆ ಮಾತ್ರ. ಆಕಾಶದ ಉದಾಹರಣೆ ನಮಗೆ ನೀತಿಯನ್ನು ವಿಧಿಸುವುದಿಲ್ಲ. ನಾವು ‘ಸ್ವಭಾವ’ ಎಂದು ಬಾಗಿಲು ಮುಚ್ಚಿದಲ್ಲಿ ಅದು ಬಾಗಿಲು ತೆರೆಯುತ್ತದೆ, ಅಷ್ಟು ಸಾಕು.

ಆ ಬಾಗಿಲಿನಿಂದ ಒಳಗೆ ಹೋದರೆ ಮೊದಲು ಎದುರಾಗುವವನು ರೋಮಿನ ಸೆನೆಕಾ. ಉಪಕಾರದ ತಿರುಳು ಇರುವುದು ಕೊಟ್ಟ ವಸ್ತುವಿನಲ್ಲಲ್ಲ, ಕೊಟ್ಟವನ ಮನಸ್ಸಿನಲ್ಲಿ ಎಂದು ಅವನ ಮತ. ಈ ಲೆಕ್ಕದಲ್ಲಿ ನೋಡಿದರೆ, ತನ್ನ ಪಾಡಿಗೆ ತಾನಿದ್ದು ಅರಿಯದೆ ಸೆಳೆದ ನೆರೆಯವನಿಗೆ ನಾವು ಏನನ್ನೂ ಸಲ್ಲಿಸಬೇಕಾಗಿಲ್ಲ. ವಾದ ಬಲವಾಗಿಯೇ ಇದೆ. ಆದರೆ ನಮ್ಮ ಕಡೆಯ ಋಣದ ಕಲ್ಪನೆ ಬೇರೆ ಬುಡದಿಂದ ಬಂದದ್ದು. ಮನುಷ್ಯನು ಹುಟ್ಟುವಾಗಲೇ ಋಣ ಹೊತ್ತು ಹುಟ್ಟುತ್ತಾನೆ. ಕೊಟ್ಟವರ ಇಂಗಿತವನ್ನು ಅಲ್ಲಿ ಯಾರೂ ವಿಚಾರಿಸುವುದಿಲ್ಲ. ತೈತ್ತಿರೀಯ ಸಂಹಿತೆ ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಎಂದು ಮೂರು ಋಣಗಳನ್ನು ಹೇಳುತ್ತದೆ. ಎಲ್ಲರೂ ಬಲ್ಲದ್ದು ಈ ಮೂರು. ಶತಪಥ ಬ್ರಾಹ್ಮಣದಲ್ಲಿ ನಾಲ್ಕನೆಯದೊಂದಿದೆ, ಅದು ಮನುಷ್ಯರ ಋಣ. ಮನೆಗೆ ಬಂದವರಿಗೆ ತಂಗಲು ಎಡೆಯನ್ನೂ ಉಣ್ಣಲು ಅನ್ನವನ್ನೂ ಕೊಡುವುದರಿಂದ ಅದು ತೀರುವುದಂತೆ. ಕೊಟ್ಟವನಿಗೇ ಹಿಂದಿರುಗಿಸಬೇಕೆಂಬ ನಿಯಮ ಇಲ್ಲಿಲ್ಲವೆಂಬುದನ್ನು ಗಮನಿಸಬೇಕು. ಯಾರಿಂದಲೋ ಪಡೆದದ್ದನ್ನು ಇನ್ನಾರಿಗೋ ಸಲ್ಲಿಸುವುದು. ಮೂರು ಋಣಗಳನ್ನು ಬಾಯಿಪಾಠ ಮಾಡಿದ ನಾವು ನಾಲ್ಕನೆಯದನ್ನು ಏಕೆ ಮರೆತೆವೋ ತಿಳಿಯದು.

ಅಮೆರಿಕದ ಜಾನ್ ರಾಲ್ಸ್ 1971ರ ತನ್ನ ಗ್ರಂಥದಲ್ಲಿ ಇದನ್ನೇ ಇನ್ನೊಂದು ಮಗ್ಗುಲಿನಿಂದ ನೋಡಿದ್ದಾನೆ. ಹುಟ್ಟಿನಿಂದ ಬಂದ ಪ್ರತಿಭೆಗೆ ಯಾರೂ ಅರ್ಹತೆಯಿಂದ ಹಕ್ಕುದಾರರಲ್ಲ ಎಂಬುದು ಅವನ ನಿಲುವು. ಹಾಗಾದರೆ ದುಡಿಮೆ? ಒಳಗಿಳಿದು, ಕಾದು, ಬೆಳಕು ಚೆಲ್ಲಿ ತಟ್ಟೆಯಾದದ್ದು ಅನಿಲವೇ ಅಲ್ಲವೆ? ನಮಗೆ ತೋರುವಂತೆ ಅದು ಅನಿಲದ್ದೇ, ಸಂದೇಹವಿಲ್ಲ. ಪರಿವೇಷಕ್ಕೂ ಅಷ್ಟೇ ಪಾಲು ಬಂದಿದ್ದರೂ ಅದು ತಟ್ಟೆಯಾಗಲಿಲ್ಲ. ಪಡೆದದ್ದು ಪರರದು, ಪಾಡುಪಟ್ಟದ್ದು ನಮ್ಮದು. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಲು ಬರುವವರು ವಿರಳ. ಒಬ್ಬರು ಎಲ್ಲವನ್ನೂ ಪರರ ಲೆಕ್ಕಕ್ಕೆ ಬರೆದು ಕೈಕಟ್ಟಿ ಕೂರುತ್ತಾರೆ, ಇನ್ನೊಬ್ಬರು ಎಲ್ಲವನ್ನೂ ತಮ್ಮ ಲೆಕ್ಕಕ್ಕೆ ಬರೆದು ಮೀಸೆ ತಿರುವುತ್ತಾರೆ.

ಎರಡನೆಯ ಬಗೆಯವರ ಸಾಲಿನಲ್ಲಿ ನಾವೂ ನಿಂತಿದ್ದೆವು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅದೇ ಶಾಲೆಯಲ್ಲಿ ಒಮ್ಮೆ ಕನ್ನಡ ಪಂಡಿತರು ರಜೆಯಲ್ಲಿದ್ದಾಗ ಪ್ರಬಂಧದ ಪುಸ್ತಕಗಳು ನಮ್ಮ ಮೇಜಿಗೆ ಬಂದವು. ತಾರಸಿಯ ಮೇಲೆ ಪ್ರಶ್ನೆ ಕೇಳಿದ ಹುಡುಗನೇ ತನ್ನ ಮನೆಯನ್ನು ವರ್ಣಿಸುತ್ತ ‘ನಮ್ಮ ಪರಂಬಿನಲ್ಲಿ’ ಎಂದು ಬರೆದಿದ್ದ. ಮಲಯಾಳದ ಶಬ್ದ ಕನ್ನಡದ ಪ್ರಬಂಧದೊಳಗೆ ನುಸುಳಿತೆಂದು ನಮಗೆ ಸಿಟ್ಟು ಬಂತು. ಕೆಂಪು ಶಾಯಿಯಲ್ಲಿ ಹೊಡೆದು ಹಾಕಿ ಮೇಲೆ ‘ಹಿತ್ತಿಲಿನಲ್ಲಿ’ ಎಂದು ಬರೆದೆವು. ಹುಡುಗ ಪುಸ್ತಕ ಹಿಡಿದು ಬಂದು ಹೇಳಿದ, “ಹಿತ್ತಿಲು ಹಿಂದೆ ಮಾತ್ರ ಅಲ್ಲವಾ ಮಾಷ್ಟ್ರೇ, ನಮ್ಮದು ಸುತ್ತಲೂ ಉಂಟು.” ಅವನಿಗೆ ಬೇಕಾದದ್ದು ಮನೆಯ ನಾಲ್ಕೂ ಕಡೆಯ ನೆಲವನ್ನು ಒಂದೇ ಮಾತಿನಲ್ಲಿ ಹಿಡಿಯುವ ಶಬ್ದ, ನೆರೆಮನೆಯವರ ಬಳಿ ಅದಿತ್ತು, ತೆಗೆದುಕೊಂಡಿದ್ದ. ನಾವು ಶಾಯಿಯನ್ನು ಅಳಿಸಲಿಲ್ಲ. ಸಭೆಗಳಲ್ಲಿ ಶುದ್ಧ ಕನ್ನಡದ ಬಗ್ಗೆ ಭಾಷಣ ಮಾಡುತ್ತಿದ್ದವರಿಗೆ ಒಬ್ಬ ಹುಡುಗನ ಎದುರು ಹಿಂಜರಿಯುವುದು ಸುಲಭವಲ್ಲ. ಮನೆಗೆ ಹೋಗಿ ಯೋಚಿಸಿದರೆ, ನಮ್ಮ ಅಡುಗೆಮನೆಯ ಗಾದೆಗಳು ತುಳುವಿನವು, ಸಂತೆಯ ಲೆಕ್ಕ ಮಲಯಾಳದ್ದು, ಅಂಗಡಿಯವರೊಡನೆ ಆಡುವುದು ಕೊಂಕಣಿ ಬೆರೆತ ಮಾತು. ಈ ಕೊಡುಕೊಳೆ ಒಂದು ಕಡೆಯದೂ ಅಲ್ಲ. ಕಾಸರಗೋಡಿನವರ ಮಲಯಾಳವನ್ನು ತೆಂಕಣವರು ಎರಡು ವಾಕ್ಯ ಕೇಳುವಷ್ಟರಲ್ಲಿ ಗುರುತಿಸುತ್ತಾರೆ; ಅದರಲ್ಲಿ ಕನ್ನಡದ, ತುಳುವಿನ ಬಣ್ಣ ಹತ್ತಿದೆ. ಗೆಲಾಕ್ಸಿಗಳ ಲೆಕ್ಕವೂ ಹೀಗೆಯೇ: ಒಂದು ಈ ಕಡೆಗೆ ತಿರುಗಿತೆಂದರೆ ಅದಕ್ಕೆ ಎದುರಾದದ್ದು ನೆರೆಯವರ ತಿರುಗುವಿಕೆಯಲ್ಲೋ ನಡೆಯಲ್ಲೋ ಸೇರಿರಲೇಬೇಕು, ಎಲ್ಲರದನ್ನೂ ಕೂಡಿದರೆ ಒಟ್ಟು ಮೊತ್ತ ಮೊದಲಿದ್ದಷ್ಟೇ.

ಇಷ್ಟಕ್ಕೆ ನಿಲ್ಲಿಸಿ, ನೆರೆಹೊರೆಯವರೆಲ್ಲ ನಮ್ಮನ್ನು ರೂಪಿಸಿದರು, ಅವರಿಗೆ ವಂದನೆ ಎಂದು ಹೇಳಿ ಕೈತೊಳೆದುಕೊಂಡರೆ ಲೇಖನ ಹಿತವಾಗಿರುತ್ತಿತ್ತು. ಆದರೆ ಉಬ್ಬರದ ಸೆಳೆತಕ್ಕೆ ಇನ್ನೊಂದು ಮುಖವಿದೆ. 1994ರಲ್ಲಿ ಧನು ರಾಶಿಯ ದಿಕ್ಕಿನಲ್ಲಿ ಒಂದು ಕುಬ್ಜ ಗೆಲಾಕ್ಸಿಯನ್ನು ಕಂಡುಹಿಡಿದರು. ನಮ್ಮ ಆಕಾಶಗಂಗೆಗೆ ತೀರ ಹತ್ತಿರ ಬಂದುದರಿಂದ ಅದು ಸೀಳಿಹೋಗುತ್ತಿದೆ. ಅದರಿಂದ ಕಿತ್ತುಬಂದ ನಕ್ಷತ್ರಗಳು ದಾರದಂತೆ ಆಕಾಶವನ್ನೆಲ್ಲ ಸುತ್ತಿಕೊಂಡಿವೆ. ಅದನ್ನು ಸೀಳುತ್ತಿರುವುದು, ದೂರದಲ್ಲಿದ್ದಾಗ ಗಿರಕಿಯನ್ನು ಕೊಡುವ ಅದೇ ಸೆಳೆತ. ಬಲ ಒಂದೇ; ದೂರ ಎಷ್ಟು, ಎದುರಿನವರು ಎಷ್ಟು ದೊಡ್ಡವರು ಎಂಬುದರ ಮೇಲೆ ಫಲ ಬೇರೆ. 1956ರ ನವೆಂಬರ್ 1ರಂದು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ಕೇರಳಕ್ಕೆ ಸೇರಿದ ದಿನದಿಂದ ಇಲ್ಲಿನವರು ಈ ಎರಡನೆಯ ಮುಖವನ್ನು ಬಲ್ಲರು. ಕಯ್ಯಾರ ಕಿಞ್ಞಣ್ಣ ರೈಗಳು ತಮ್ಮ ನೂರು ವರ್ಷದ ಬಾಳಿನುದ್ದಕ್ಕೂ ಅದನ್ನು ಹೇಳುತ್ತಲೇ ಬಂದರು. ತಲೆಮಾರಿನ ಹಿಂದೆ ಒಂದೇ ತರಗತಿಗೆ ಎರಡು ವಿಭಾಗಗಳಿದ್ದಲ್ಲಿ ಈಗ ಒಂದು ವಿಭಾಗಕ್ಕೂ ಮಕ್ಕಳನ್ನು ಹುಡುಕುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಪರಂಬು ಎಂಬ ಶಬ್ದ ಒಳಬಂದರೆ ಭಾಷೆ ಕೆಡುವುದಿಲ್ಲ. ಆ ಶಬ್ದದ ಸುತ್ತಲಿನ ವಾಕ್ಯವೇ ಬೇರೆಯ ಭಾಷೆಯದಾದ ದಿನ ಕೊಡುಕೊಳೆಯೆಂಬ ಹೆಸರು ಅದಕ್ಕೆ ಒಪ್ಪುವುದಿಲ್ಲ. ಎರಡರ ನಡುವೆ ಎಲ್ಲಿ ಗೆರೆ ಬೀಳುತ್ತದೆಂದು ಕೇಳಿದರೆ, ಖಗೋಳದವರ ಬಳಿಯಾದರೂ ಅದಕ್ಕೆ ಒಂದು ಸೂತ್ರವಿದೆ. ನಮ್ಮ ಬಳಿ ಇಲ್ಲ.

ಹಾಗಾದರೆ ಸೀಳಬಲ್ಲ ಬಲಕ್ಕೂ ಋಣಿಯಾಗಿರಬೇಕೆ? ಈ ಪ್ರಶ್ನೆಯನ್ನು ಬಹಳ ದಿನ ತಿರುವಿ ಹಾಕಿದ ಮೇಲೆ ನಮಗೆ ತೋಚಿದ್ದಿಷ್ಟು. ಋಣವನ್ನು ಒಪ್ಪುವುದು ಬೇರೆ, ಶರಣಾಗುವುದು ಬೇರೆ. ನೆರೆಯವನಿಂದ ಪಡೆದದ್ದನ್ನು ಪಡೆದೆ ಎನ್ನುವವನೇ, ಇನ್ನು ಹತ್ತಿರ ಬರಬೇಡ ಎಂದು ಹೇಳುವಾಗಲೂ ಸುಳ್ಳಾಡದೆ ಹೇಳಬಲ್ಲ. ಏನನ್ನೂ ಪಡೆದಿಲ್ಲವೆಂದು ಸಾಧಿಸುವವನಿಗೆ ತನ್ನಲ್ಲಿ ಉಳಿಸಿಕೊಳ್ಳಬೇಕಾದದ್ದು ಯಾವುದೆಂಬುದೇ ಗೊತ್ತಿರುವುದಿಲ್ಲ. ಅವನು ಪರಂಬನ್ನು ಹೊಡೆದು ಹಾಕುತ್ತಾನೆ, ಶಾಲೆ ಮುಚ್ಚಿದ್ದನ್ನು ಗಮನಿಸುವುದಿಲ್ಲ. ಮಂಜೇಶ್ವರದ ಗೋವಿಂದ ಪೈಗಳು ಹಲವು ಭಾಷೆಗಳನ್ನು ಬಲ್ಲವರಾಗಿದ್ದರು, ಅದರಿಂದ ಅವರ ಕನ್ನಡ ಬಡವಾದದ್ದನ್ನು ಯಾರೂ ಕಂಡಿಲ್ಲ.

ನಮ್ಮ ಕಣ್ಣು ನಮ್ಮ ಕಡೆಗೇ ವಾಲುತ್ತದೆಂಬುದಕ್ಕೆ ಒಂದು ಸ್ವಾರಸ್ಯದ ಪ್ರಸಂಗವಿದೆ. 2007ರಲ್ಲಿ ಗೆಲಾಕ್ಸಿ ಜೂ ಎಂಬ ಯೋಜನೆಯಲ್ಲಿ ಸುಮಾರು 9 ಲಕ್ಷ ಗೆಲಾಕ್ಸಿಗಳ ಚಿತ್ರಗಳನ್ನು ಸಾಮಾನ್ಯ ಜನರ ಮುಂದಿಟ್ಟು, ಸುರುಳಿ ಯಾವ ಕಡೆಗೆ ಸುತ್ತಿದೆಯೆಂದು ಗುರುತಿಸಲು ಕೇಳಲಾಯಿತು. ಸುರುಳಿಗಳು ಎರಡು ಕಡೆಗೂ ಸಮನಾಗಿರಬೇಕಷ್ಟೆ. ಎಣಿಕೆ ಮುಗಿದಾಗ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತಿದವು ಹೆಚ್ಚಾಗಿ ಬಂದವು. ವಿಶ್ವಕ್ಕೇ ಒಂದು ಒಲವಿದೆಯೇ ಎಂಬ ಕುತೂಹಲ ಹುಟ್ಟಿತು. ಸಂಶೋಧಕರು ಜಾಣತನ ಮಾಡಿ ಕೆಲವು ಚಿತ್ರಗಳನ್ನು ಕನ್ನಡಿಯಲ್ಲಿ ಕಂಡಂತೆ ಮಗುಚಿ ಮತ್ತೆ ಜನರ ಮುಂದಿಟ್ಟರು. ವಿಶ್ವದ ಒಲವಾಗಿದ್ದರೆ ಈಗ ಎಣಿಕೆಯೂ ಮಗುಚಬೇಕಿತ್ತು. ಮಗುಚಲಿಲ್ಲ, ಮತ್ತೆ ಅದೇ ಕಡೆಯವು ಹೆಚ್ಚಾಗಿ ಬಂದವು. ಒಲವಿದ್ದದ್ದು ನೋಡುವವರಲ್ಲಿ. ನಮ್ಮ ಸಂಘಗಳ ಚರಿತ್ರೆಯನ್ನು ಬರೆಯುವವರು, ಪಕ್ಕದ ಭಾಷೆಯವರ ಸಂಘಗಳ ಚರಿತ್ರೆಯನ್ನು ಬರೆಯುವವರೂ ಸಹ, ಆಗಾಗ ಚಿತ್ರವನ್ನು ಮಗುಚಿ ನೋಡಿಕೊಂಡರೆ ಒಳ್ಳೆಯದೆಂದು ನಮಗೆ ಅನ್ನಿಸಿದ್ದುಂಟು.

ಹುಡುಗನ ಪ್ರಶ್ನೆಗೆ ಸರಿಯಾದ ಉತ್ತರ ನಮಗೆ ಸಿಕ್ಕಿದ್ದು ಬಹಳ ತಡವಾಗಿ. ಅವನು ಕೇಳಿದ್ದು ಎಲ್ಲ ಗೆಲಾಕ್ಸಿಗಳನ್ನು ಕುರಿತಲ್ಲ, ಆ ಸಂಜೆ ಕಂಡ ಆಂಡ್ರೊಮೆಡಾವನ್ನು ಕುರಿತು. ಗಾಟ್ ಮತ್ತು ತುವಾನ್ ಎಂಬ ಇಬ್ಬರು 1978ರಲ್ಲಿ ನಮ್ಮ ನೆರೆಹೊರೆಯ ಗೆಲಾಕ್ಸಿಗಳ ಗುಂಪಿನಲ್ಲಿ ತಿರುಗುವಿಕೆ ಎಲ್ಲಿಂದ ಬಂತೆಂದು ವಿಚಾರಿಸಿದ್ದರು. ಆ ಗುಂಪಿನಲ್ಲಿ ದೊಡ್ಡವು ಎರಡೇ, ಆಂಡ್ರೊಮೆಡಾ ಮತ್ತು ಆಕಾಶಗಂಗೆ. ಹುಟ್ಟುವ ಕಾಲದಲ್ಲಿ ಇವೆರಡೂ ಹತ್ತಿರವಿದ್ದು ಒಂದನ್ನೊಂದು ತಿರುಚಿದವು ಎಂಬ ದಾರಿಯಲ್ಲಿ ಅವರ ವಿಚಾರ ಸಾಗಿತ್ತು. 1989ರಲ್ಲಿ ಸೋಮಕ್ ರಾಯ್‌ಚೌಧುರಿ ಎಂಬ ನಮ್ಮ ದೇಶದವರೂ ಇಂಗ್ಲೆಂಡಿನ ಲಿಂಡೆನ್-ಬೆಲ್ ಅವರೂ ಸೇರಿ, ಗುಂಪಿನ ಹೊರಗಿನ ಗೆಲಾಕ್ಸಿಗಳ ಸೆಳೆತವನ್ನೂ ಲೆಕ್ಕ ಹಾಕಿ ಅದಕ್ಕೂ ಪಾಲಿದೆಯೆಂದು ತೋರಿಸಿದರು. ಪಾಲುಗಳ ಹೆಚ್ಚು ಕಡಿಮೆ ಏನೇ ಇರಲಿ, ತಿರುಗಿಸಿದವರ ಪಟ್ಟಿಯಲ್ಲಿ ನಾವಿರುವ ಗೆಲಾಕ್ಸಿಯ ಹೆಸರೂ ಇರುತ್ತದೆ.

ಕಳೆದ ವರ್ಷ ಊರಿನ ಒಂದು ಮದುವೆಯಲ್ಲಿ ಆ ಹುಡುಗ ಸಿಕ್ಕಿದ. ಈಗ ಅವನಿಗೆ ಹುಡುಗನೆನ್ನುವಂತಿಲ್ಲ. ಕಣ್ಣೂರಿನ ಕಡೆ ಕೆಲಸದಲ್ಲಿದ್ದಾನೆ, ಮಗಳು ಮಲಯಾಳ ಮಾಧ್ಯಮದಲ್ಲಿ ಓದುತ್ತಾಳೆ, ಅಜ್ಜಿಯೊಡನೆ ಕನ್ನಡದಲ್ಲಿ ಮಾತಾಡುತ್ತಾಳೆ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತಾಗ, ಅಂದು ಕೊಟ್ಟ ಉತ್ತರ ತಪ್ಪಾಗಿತ್ತೆಂದು ಹೇಳಿದೆವು. ಅವನಿಗೆ ಪ್ರಶ್ನೆಯೇ ಮರೆತುಹೋಗಿತ್ತು. ನೆನಪಿಸಿ, ಆಂಡ್ರೊಮೆಡಾವನ್ನು ತಿರುಗಿಸಿದವರಲ್ಲಿ ನಾವೂ ಸೇರಿದ್ದೇವೆ ಎಂದೆವು. ಅವನು ಎಲೆಯ ಮೇಲಿನ ಕೈಯನ್ನು ಹಾಗೆಯೇ ನಿಲ್ಲಿಸಿ ಸ್ವಲ್ಪ ಯೋಚಿಸಿದ.

“ಹಾಗಾದರೆ ನಮ್ಮನ್ನು ಮಾಷ್ಟ್ರೇ?”

“ಅದೂ ಒಂದು,” ಎಂದೆವು. ಅಷ್ಟರಲ್ಲಿ ಪಾಯಸ ಬಂತು.